ನರಿಕೊಂಬಿನ ಬೆನ್ನು

ನಾನು ಆಸ್ಪತ್ರೆಯ ಕೆಲಸ ಬಿಟ್ಟದ್ದು ಯಾರ ಮೇಲಿನ ಸಿಟ್ಟಿನಿಂದಲೂ ಅಲ್ಲ, ಮದುವೆಯಾದದ್ದಕ್ಕೆ. ಐವತ್ತರ ದಶಕದ ಕೊನೆಯ ಮಾತು. ಮಂಗಳೂರಿನ ದೊಡ್ಡ ಆಸ್ಪತ್ರೆಯ ನರ್ಸುಗಳು ಹಾಸ್ಟೆಲಿನಲ್ಲೇ ಇರಬೇಕು, ಹಾಸ್ಟೆಲಿನಲ್ಲಿ ಗಂಡನಿಗೆ ಜಾಗ ಇಲ್ಲ. ಕುತ್ತಿಗೆಗೆ ಕರಿಮಣಿ ಬಿದ್ದ ತಿಂಗಳೇ ತಲೆಯ ಬಿಳಿ ಟೊಪ್ಪಿ ಇಳಿಯಿತು. ಗಂಡ ಬಂಟ್ವಾಳದಲ್ಲಿ ಶಾಲೆಯ ಮಾಷ್ಟ್ರು. ನಲವತ್ತು ಮಂಚದ ವಾರ್ಡನ್ನು ಏಳು ವರ್ಷ ಹುಬ್ಬಿನ ಇಶಾರೆಯಲ್ಲಿ ನಡೆಸಿದವಳು ನಾನು. ಈಗ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾಲ್ಕು ಪಾತ್ರೆ ತೊಳೆದು, ಇನ್ನೇನು ಮಾಡುವುದೆಂದು ಗೋಡೆ ನೋಡುತ್ತ ಕೂತೆ. ಹದಿನೈದು ದಿನ ಕಳೆಯುವುದರೊಳಗೆ ಗಂಡನ ಅಂಗಿಯ ಗುಂಡಿಗಳ ಜೊತೆಗೂ ಜಗಳ ತೆಗೆಯತೊಡಗಿದ್ದೆ. ಕೊನೆಗೆ ಅವರೇ ಪೇಟೆಯ ಹಿರಿಯ ಡಾಕ್ಟರರ ಬಳಿ ಹೋಗಿ, “ಇವಳಿಗೊಂದು ಕೆಲಸ ಕೊಡಿ ಡಾಕ್ಟ್ರೆ, ಇಲ್ಲದಿದ್ರೆ ನನಗೆ ಮದ್ದು ಕೊಡ್ಬೇಕಾದೀತು” ಎಂದರಂತೆ.

ಡಾಕ್ಟರರಿಗೂ ಒಬ್ಬರು ಬೇಕಾಗಿತ್ತು. ಬೆಳ್ತಂಗಡಿ ಕಡೆಯಿಂದ, ಮೂಡುಬಿದಿರೆ ಕಡೆಯಿಂದ ಅವರ ಬಳಿಗೆ ಬರುವ ರೋಗಿಗಳು ಒಮ್ಮೆ ಬಂದವರು ಮತ್ತೆ ಬರುತ್ತಿರಲಿಲ್ಲ. ಬಸ್ಸಿಗೆ ಹತ್ತಿಸಲಾಗದವರನ್ನು ಯಾರು ಹೊತ್ತು ತರುವುದು? ಗಾಯಕ್ಕೆ ಪಟ್ಟಿ ಕಟ್ಟಲು, ಇಂಜೆಕ್ಷನ್ ಕೊಡಲು, ಮೂತ್ರದ ನಳಿಗೆ ಬದಲಿಸಲು ಮನೆಮನೆಗೆ ಹೋಗುವ ನರ್ಸು ಬೇಕಿತ್ತು. “ಹೋಗ್ತೀರಾ?” ಎಂದು ಕೇಳಿದರು. ಹೋಗುತ್ತೇನೆ ಎಂದೆ. ಆದರೆ ಮನಸ್ಸಿನೊಳಗೆ, ಇದೊಂದು ಕೆಳಗಿನ ಮೆಟ್ಟಿಲು ಎಂದೇ ತಿಳಿದಿದ್ದೆ. ಈ ಹಳ್ಳಿಯವರಿಗೆ ನಾನು ನಾಲ್ಕು ವಿಷಯ ಕಲಿಸಿಯೇನು, ಅಷ್ಟು ಪುಣ್ಯ ಬಂದೀತು ಎಂದುಕೊಂಡಿದ್ದೆ. ಈಗ ನೆನೆಸಿದರೆ ಕಿವಿ ಬಿಸಿಯಾಗುತ್ತದೆ.

ಆಸ್ಪತ್ರೆಯಲ್ಲಿ ರೋಗಿ ನಮ್ಮ ನೆಂಟ. ನಾವು ಕೂರು ಅಂದರೆ ಕೂರಬೇಕು, ಮಲಗು ಅಂದರೆ ಮಲಗಬೇಕು. ಮನೆಗಳಲ್ಲಿ ನಾನೇ ನೆಂಟಳು. ಮೊದಲು ಚಪ್ಪಲಿ ಬಿಡಬೇಕು, ಕಾಲಿಗೆ ನೀರು ಹಾಕಬೇಕು, ಬೆಲ್ಲ ನೀರು ಕುಡಿಯಬೇಕು, ಆಮೇಲೆ ರೋಗಿ. ಮೂಡುಬಿದಿರೆಯ ಒಂದು ಜೈನರ ಮನೆಯಲ್ಲಿ ಜ್ವರ ಬಂದ ಅಜ್ಜಿಗೆ ರಾತ್ರಿ ಎಂಟಕ್ಕೆ ಮಾತ್ರೆ ಎಂದು ಚೀಟಿ ಬರೆದು ಬಂದೆ. ಮಾರನೆಯ ದಿನ ನೋಡಿದರೆ ಮಾತ್ರೆ ಹಾಗೆಯೇ ಉಂಟು. “ಸೂರ್ಯ ಮುಳುಗಿದ ಮೇಲೆ ಬಾಯಿಗೆ ನೀರೂ ಹಾಕುವವಳಲ್ಲ ನಾನು. ನಿಮ್ಮ ಮದ್ದಿಗೆ ಹಗಲು ಕಣ್ಣು ಕಾಣುದಿಲ್ವಾ?” ಎಂದಳು ಅಜ್ಜಿ. ಜ್ವರದಲ್ಲಿ ಮೈ ಸುಡುತ್ತಿದ್ದರೂ ಆ ಗತ್ತು! ಚೀಟಿ ಹರಿದು ಮೂರು ಹೊತ್ತನ್ನೂ ಹಗಲಿಗೇ ಹೊಂದಿಸಿ ಬರೆದುಕೊಟ್ಟೆ. ಅಜ್ಜಿ ಗುಣವಾದಳು. ಆದರೂ ನನ್ನ ಜಂಬ ಇಳಿಯಲಿಲ್ಲ.

ಅದನ್ನು ಇಳಿಸಿದ್ದು ನರಿಕೊಂಬಿನ ಒಂದು ಬೆನ್ನು.

ಬಂಟ್ವಾಳದಿಂದ ದೋಣಿಯಲ್ಲಿ ನೇತ್ರಾವತಿ ದಾಟಿ, ದಂಡೆಯಿಂದ ಸ್ವಲ್ಪ ನಡೆದರೆ ಆ ಮನೆ. ಗಂಡ, ಹೆಂಡತಿ ಇಬ್ಬರೇ. ಗಂಡ ಮನೆಗಳ ಮಾಡಿಗೆ ಹಂಚು ಹೊದೆಸುವವನಾಗಿದ್ದ. ಒಂದು ಮಳೆಗಾಲದ ಮುಂಚೆ ಯಾರದೋ ಮಾಡಿನಿಂದ ಜಾರಿ ಅಂಗಳಕ್ಕೆ ಬಿದ್ದ. ಸೊಂಟದಿಂದ ಕೆಳಗೆ ಎಲ್ಲ ಹೋಯಿತು, ಚಿವುಟಿದರೂ ಗೊತ್ತಾಗುವುದಿಲ್ಲ. ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲ ಎಂದು ಕಳಿಸಿಬಿಟ್ಟಿದ್ದರು. ನಾನು ಮೊದಲ ಬಾರಿ ಹೋದಾಗ ಅವನು ಬಿದ್ದು ಎರಡು ವರ್ಷ ದಾಟಿತ್ತು.

ಇಂಥವರನ್ನು ಕೊಲ್ಲುವುದು ಮುರಿದ ಬೆನ್ನುಮೂಳೆಯಲ್ಲ, ಹಾಸಿಗೆ ಹುಣ್ಣು. ಒಂದೇ ಕಡೆ ಮಲಗಿ ಮಲಗಿ ಸೊಂಟದ ಹಿಂದೆ ಚರ್ಮ ಕರಗಿ ಗುಂಡಿ ಬೀಳುತ್ತದೆ, ಅಲ್ಲಿಂದ ನಂಜು ಏರುತ್ತದೆ. ನಮ್ಮ ವಾರ್ಡಿನಲ್ಲಿ ಅಂಥ ಗುಂಡಿ ಬಿದ್ದ ಯಾರೂ ಎದ್ದು ಮನೆಗೆ ಹೋದದ್ದನ್ನು ನಾನು ಕಂಡಿರಲಿಲ್ಲ. ಹಾಗಾಗಿ ಎರಡು ವರ್ಷ ಚಾಪೆಯ ಮೇಲೆ ಬಿದ್ದುಕೊಂಡವನ ಬೆನ್ನು ಹೇಗಿದ್ದೀತು ಎಂದು ಮೂಗು ಮುಚ್ಚಲು ಕರವಸ್ತ್ರ ಸಿದ್ಧ ಮಾಡಿಕೊಂಡೇ ಅವನನ್ನು ಮಗ್ಗುಲಾಗಿಸಿದೆ.

ಅಬ್ಬ! ಒಂದು ಗೀರೂ ಇಲ್ಲ. ತೆಳ್ಳಗಿನ, ನಯವಾದ, ಎಣ್ಣೆಯ ಪಸೆಯಿದ್ದ ಬೆನ್ನು. ಸೊಂಟ ನೋಡಿದೆ, ಹಿಮ್ಮಡಿ ನೋಡಿದೆ, ಮೊಣಕಾಲಿನ ಒಳಬದಿ ನೋಡಿದೆ. ನಲವತ್ತು ಮಂಚ, ಆರು ನರ್ಸುಗಳು, ಡಬ್ಬಿಗಟ್ಟಲೆ ಪೌಡರು ಇದ್ದೂ ನಮಗೆ ಆಗದ್ದು ಈ ಮಣ್ಣಿನ ನೆಲದ ಮೇಲೆ ಆಗಿತ್ತು. ನನಗೆ ಬೆರಗಾಯಿತು. ಒಪ್ಪಿಕೊಳ್ಳಬೇಕಲ್ಲ, ಸ್ವಲ್ಪ ಹೊಟ್ಟೆಯೂ ಉರಿಯಿತು. ಕಾರಣ ಕೇಳುವ ಬದಲು ಸುತ್ತ ನೋಡಿ ತಪ್ಪು ಹುಡುಕತೊಡಗಿದೆ. ಚಾಪೆಯ ಎರಡೂ ಬದಿಗೆ ಬೀಡಿ ಎಲೆಯ ಬುಟ್ಟಿ, ಹೊಗೆಸೊಪ್ಪು ಹರಡಿದ ಮೊರದಂಥ ಗೆರಸೆ.

“ಇದೆಂತ ಮಾರಾಯ್ತಿ, ರೋಗಿಯ ಮೂಗಿನ ಹತ್ತಿರ ಹೊಗೆಸೊಪ್ಪಿನ ಧೂಳು! ಇವರಿಗೆ ಬೇಕಾದ್ದು ವಿಶ್ರಾಂತಿ. ಇನ್ನು ಇದು ಇಲ್ಲಿ ಕಾಣಬಾರದು” ಎಂದು ಅವನ ಹೆಂಡತಿಗೆ ಗದರಿಸಿದೆ.

“ಆಯ್ತು ಅಮ್ಮ” ಎಂದಳು ಅವಳು. ನಾವೆಲ್ಲ ಮಾತಾಡುತ್ತಿದ್ದುದು ತುಳುವಿನಲ್ಲೇ, ಆ ‘ಆಯ್ತು’ ಮಾತ್ರ ಯಾವ ಭಾಷೆಯಲ್ಲಿದ್ದರೂ ಅಷ್ಟೇ ಮೆತ್ತಗೆ ಇರುತ್ತಿತ್ತು.

ಮುಂದಿನ ಗುರುವಾರ ನಾನು ರಬ್ಬರ್ ರಿಂಗು ಒಯ್ದೆ. ಗಾಳಿ ಊದಿ, ಮಲಗಿದವರ ಸೊಂಟದ ಅಡಿಗಿಡುವ ದಪ್ಪ ಬಳೆ ಅದು. ನಡುವೆ ತೂತು, ಆದ್ದರಿಂದ ಮೂಳೆ ನೆಲಕ್ಕೆ ತಾಗುವುದಿಲ್ಲ ಎಂಬುದು ನಮ್ಮ ಆಗಿನ ಶಾಸ್ತ್ರ. ಡಾಕ್ಟರರ ಬೆನ್ನು ಹತ್ತಿ ಮಂಗಳೂರಿನಿಂದ ತರಿಸಿದ್ದೆ. ಅವನನ್ನು ಅಂಗಾತ ಮಲಗಿಸಿ, ರಿಂಗು ಇಟ್ಟು, ಇಷ್ಟು ದಿನ ನಿಮ್ಮ ಅದೃಷ್ಟ, ಇನ್ನು ಮುಂದೆ ಇದೇ ರಕ್ಷೆ ಎಂದು ಭಾಷಣ ಮಾಡಿದೆ. ಇಬ್ಬರೂ ತಲೆಯಾಡಿಸಿದರು.

ಅಲ್ಲಿಂದ ಎಂಟು ತಿಂಗಳು, ಪ್ರತಿ ಗುರುವಾರ, ನಾನು ಹೋಗುವಾಗ ಬುಟ್ಟಿ ಗೆರಸೆ ಯಾವುದೂ ಇಲ್ಲ, ನೆಲ ಗುಡಿಸಿದೆ, ಅವನು ರಿಂಗಿನ ಮೇಲೆ ಅಂಗಾತ ಮಲಗಿದ್ದಾನೆ, ಬೆನ್ನು ನಿರ್ಮಲ. ನನಗೆ ಆಗುತ್ತಿದ್ದ ಹೆಮ್ಮೆ ಕೇಳಬೇಡಿ. ರಿಂಗಿನ ಮಹಿಮೆಯನ್ನು ಮೂಡುಬಿದಿರೆಯಲ್ಲಿ ಹೇಳಿದೆ, ಬೆಳ್ತಂಗಡಿಯಲ್ಲಿ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದೆ. ರಿಂಗಿನ ಅಡಿಯಲ್ಲಿ ಒಂದೊಂದು ದಿನ ಮಸಿ ಹತ್ತಿರುತ್ತಿತ್ತು. “ಸ್ವಚ್ಛ ಇಡ್ಲಿಕ್ಕೆ ಎಂತ ಧಾಡಿ?” ಎಂದು ಅದಕ್ಕೂ ಬೈದೆ.

ಹೀಗಿರುವಾಗ ದೀಪಾವಳಿ ಕಳೆದ ವಾರ ಅವಳ ತವರಿನಿಂದ ಹೇಳಿಕೆ ಬಂತು. ತವರು ಬೆಳ್ತಂಗಡಿಯಿಂದಲೂ ಆಚೆ. ತಾಯಿ ಮಲಗಿದಲ್ಲೇ ಇದ್ದಾಳೆ, ಮಗಳನ್ನು ಒಮ್ಮೆ ನೋಡಬೇಕು ಅನ್ನುತ್ತಿದ್ದಾಳೆ. ನಾನು ಹೋದಾಗ ಅವಳು ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದಳು, ಅತ್ತು ಕೆಂಪಾದ ಕಣ್ಣು. ಗಂಡ ಬಿದ್ದ ಮೇಲೆ ಅವಳು ಆ ಮನೆ ಬಿಟ್ಟು ಒಂದು ಹಗಲೂ ಹೊರಗೆ ಇದ್ದವಳಲ್ಲ.

“ಹೋಗಿ ಬಾ. ನಾನಿಲ್ವಾ?” ಎಂದೆ. “ನಲವತ್ತು ಮಂಚ ನೋಡಿದವಳು ಒಂದು ಚಾಪೆ ನೋಡ್ಲಿಕ್ಕಿಲ್ವಾ? ನೀನು ಬರುವವರೆಗೆ ಇಲ್ಲೇ ಇರ್ತೇನೆ.”

ಅವಳು ಗಂಡನ ಮುಖ ನೋಡಿದಳು, ರಿಂಗನ್ನು ನೋಡಿದಳು, ನನ್ನ ಕಡೆ ತಿರುಗಿ ಬಾಯಿ ತೆರೆದಳು. “ಅಮ್ಮ, ಅದು...”

“ಹೋಗು ಮಾರಾಯ್ತಿ, ಬಸ್ಸು ತಪ್ಪುತ್ತದೆ” ಎಂದು ಅವನು ನಡುವೆ ಮಾತು ತುಂಡು ಮಾಡಿದ. “ಅಮ್ಮ ಇದ್ದಾರಲ್ಲ. ನಿನಗಿಂತ ಚೆನ್ನಾಗಿ ನೋಡ್ತಾರೆ.”

ಗಂಡನನ್ನು ಬಿಟ್ಟು ಹೋಗಲು ಹಿಂಜರಿಕೆ ಎಂದು ನಾನು ತಿಳಿದೆ. ಅವಳು ಸೆರಗಿಗೆ ಕಣ್ಣೊರಸಿಕೊಂಡು ಹೊರಟಳು.

ಐದು ದಿನ ನಾನು ಆ ಮನೆಯಲ್ಲಿ ಆಸ್ಪತ್ರೆ ನಡೆಸಿದೆ. ಗೋಡೆಗೆ ಚಾರ್ಟು ಅಂಟಿಸಿದೆ. ಹೊತ್ತು ಹೊತ್ತಿಗೆ ಜ್ವರ ನೋಡಿದೆ, ಸ್ಪಿರಿಟು ಹಾಕಿ ಬೆನ್ನು ತಿಕ್ಕಿದೆ, ಪೌಡರು ಹಾಕಿದೆ. ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಮಗ್ಗುಲಾಗಿಸಿ ಮತ್ತೆ ರಿಂಗಿನ ಮೇಲೆ ಅಂಗಾತ. ವಾರ್ಡಿನಲ್ಲಿ ಅಷ್ಟೇ ಆಗುತ್ತಿದ್ದುದು, ನಿಜ ಹೇಳಬೇಕೆಂದರೆ ಅಷ್ಟೂ ಆಗುತ್ತಿರಲಿಲ್ಲ. ಎರಡನೆಯ ದಿನ ಅವನು, “ಅಮ್ಮ, ಸುಮ್ಮನೆ ಬಿದ್ದುಕೊಂಡು ಬೇಸರ ಆಗ್ತದೆ, ಆ ಎಲೆಯ ಬುಟ್ಟಿ ಸ್ವಲ್ಪ ಕೊಡ್ತೀರಾ?” ಎಂದು ಕೇಳಿದ. “ಬಾಯಿ ಮುಚ್ಚಿ ವಿಶ್ರಾಂತಿ ತಗೊಳ್ಳಿ” ಎಂದೆ. ಅವನು ನಕ್ಕು ಮಾಡು ನೋಡುತ್ತ ಮಲಗಿದ. ಮತ್ತೆ ಕೇಳಲಿಲ್ಲ.

ನಾಲ್ಕನೆಯ ದಿನ ಅವನ ಸೊಂಟದಲ್ಲಿ ಕೆಂಪಗೆ ದುಂಡಗಿನ ಗುರುತು ಕಂಡಿತು. ರಿಂಗಿನ ಅಳತೆಯದೇ. ಸೆಖೆಗೆ ಕೆಂಪಾಗಿದೆ ಎಂದು ಇನ್ನಷ್ಟು ತಿಕ್ಕಿದೆ. ಐದನೆಯ ದಿನ ಬೆಳಿಗ್ಗೆ ಕೆಂಪಿನ ನಡುವೆ ನೇರಳೆ ಬಣ್ಣ ಬಂದಿತ್ತು. ಈ ಬಣ್ಣ ನನಗೆ ಗೊತ್ತು. ಅವನಿಗೆ ತಿಳಿಸದೆ ಅದರ ಮೇಲೆ ಮತ್ತೆ ಪೌಡರು ಹಾಕಿದೆ.

ಮಧ್ಯಾಹ್ನ ಅವಳು ಬಂದಳು. ಮೂರನೆಯ ದಿನ ತಾಯಿ ತೀರಿಕೊಂಡಿದ್ದಳು. ಉತ್ತರಕ್ರಿಯೆಯ ಬೊಜ್ಜದ ಊಟಕ್ಕೂ ನಿಲ್ಲದೆ ಹೊರಟು ಬಂದಿದ್ದಳು. ಸಾವಿನ ಮನೆಯಿಂದ ಬಂದವಳಾದ್ದರಿಂದ ಬಾವಿಕಟ್ಟೆಯಲ್ಲಿ ತಲೆಗೆ ಎರಡು ಕೊಡ ಸುರಿದುಕೊಂಡು, ನೀರಿಳಿಯುವ ಸೀರೆಯಲ್ಲೇ ಒಳಗೆ ಬಂದು, ನೇರ ಅವನ ಚಾಪೆಯ ಬಳಿ ಕುಳಿತು ಒಂದೇ ಕೈಯಲ್ಲಿ ಅವನನ್ನು ಮಗ್ಗುಲಾಗಿಸಿದಳು. ನೋಡಿದಳು. ನೋಡುತ್ತಲೇ ಇದ್ದಳು. ಈಗ ಬೈಯುತ್ತಾಳೆ, ಬೈಯಲಿ, ಹೊಡೆದರೂ ಹೊಡೆಯಲಿ ಎಂದು ನಾನು ಗೋಡೆಗೆ ಆತು ನಿಂತಿದ್ದೆ.

ಅವಳು ರಿಂಗನ್ನು ಎಳೆದು ತೆಗೆದು ಬದಿಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಅಮ್ಮ, ನಿಮ್ಮದು ಊಟ ಆಯ್ತಾ?” ಎಂದು ಕೇಳಿದಳು.

ನಾನು ಅಲ್ಲೇ ಕುಸಿದು ಕೂತು ಅತ್ತೆ. ಏಳು ವರ್ಷದ ನೌಕರಿಯಲ್ಲಿ ರೋಗಿಯ ಎದುರು ಒಮ್ಮೆಯೂ ಅತ್ತವಳಲ್ಲ.

ಆಮೇಲೆ ಒಂದೊಂದಾಗಿ ಎಲ್ಲ ಹೊರಗೆ ಬಂತು. ಆ ರಿಂಗಿನ ಮೇಲೆ ಅವನು ಮಲಗುತ್ತಿದ್ದುದು ಗುರುವಾರ ಮಾತ್ರ. ದೋಣಿ ಈ ದಡ ಮುಟ್ಟುವಾಗಲೇ ಯಾರಾದರೂ “ನರ್ಸಮ್ಮ ಬಂದ್ರು” ಎಂದು ಕೂಗುತ್ತಿದ್ದರು. ಇವಳು ಬುಟ್ಟಿಗಳನ್ನು ಒಳಗೆ ದೂಡಿ, ರಿಂಗು ತೊಳೆದು ಅವನ ಅಡಿಗಿಡುತ್ತಿದ್ದಳು. ಉಳಿದ ದಿನ ಅದರ ಮೇಲೆ ಗಂಜಿಯ ಮಡಕೆ ಕೂರುತ್ತಿತ್ತು. ದುಂಡಗಿನ ತಳದ ಮಡಕೆಗೆ ಅದಕ್ಕಿಂತ ಒಳ್ಳೆಯ ಪೀಠ ಎಲ್ಲಿ ಸಿಗಬೇಕು? ಮಸಿಯ ಗುಟ್ಟು ಅದು.

“ಎಂಟು ತಿಂಗಳು ನನಗೆ ಮೋಸ ಮಾಡಿದ್ರಾ!” ಎಂದೆ. ಅಷ್ಟು ಅತ್ತ ಮೇಲೂ ಸಿಟ್ಟು ಬಂತು ನೋಡಿ.

“ಮೋಸ ಅಲ್ಲಮ್ಮ” ಎಂದಳು. “ನೀವು ಅಷ್ಟು ದೂರದಿಂದ ಹೊತ್ತು ತಂದದ್ದು. ಬೇಡ ಅಂತ ಮುಖಕ್ಕೆ ಹೇಗೆ ಹೇಳುದು?”

ಇದು ನಮ್ಮ ಕಡೆಯವರ ಜಾಯಮಾನ. ನೆಂಟರು ತಂದದ್ದು ಕಹಿಯಾದರೂ ಚೆನ್ನಾಗಿದೆ ಎಂದೇ ತಿನ್ನುತ್ತಾರೆ. ಅವರ ಮರ್ಯಾದೆ ನನ್ನ ಅಜ್ಞಾನಕ್ಕೆ ಚಾಪೆ ಹಾಸಿ ಕೂರಿಸಿತ್ತು.

“ಹಾಗಾದ್ರೆ ಬೆನ್ನು ಅಷ್ಟು ಚೆನ್ನಾಗಿ ಇದ್ದದ್ದು ಹೇಗೆ?” ಎಂದು ಕೇಳಿದೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ.

ಅವಳು ಮಾತಿನಲ್ಲಿ ಹೇಳಲಿಲ್ಲ, ಬುಟ್ಟಿಗಳನ್ನು ತಂದಿಟ್ಟು ತೋರಿಸಿದಳು. ಎಲೆಯ ಬುಟ್ಟಿ ಅವನ ಎಡಗಡೆ. ಎಡ ಮಗ್ಗುಲಲ್ಲಿ ಮಲಗಿದಾಗ ಅವನು ಕತ್ತರಿ ಹಿಡಿದು ಬೀಡಿ ಎಲೆ ಕತ್ತರಿಸುತ್ತಾನೆ. ನೂರು ಎಲೆ ಆಗುವಾಗ ಆ ಮಗ್ಗುಲು ಮುಗಿಯಿತು. ಅವಳು ಸುತ್ತಿದ ಬೀಡಿಯ ಗೆರಸೆ ಬಲಗಡೆ. ಬಲ ಮಗ್ಗುಲಿಗೆ ಹೊರಳಿಸಿದರೆ ಬೀಡಿಯ ಬಾಯಿ ಮಡಚಿ ನೂಲು ಕಟ್ಟುವುದು. ಅದೂ ನೂರು. ಆಮೇಲೆ ಎದೆಯಡಿಗೆ ದಿಂಬಿಟ್ಟು ಬೋರಲು. ಆಗ ಇಪ್ಪತ್ತೈದರ ಕಟ್ಟು ಕಟ್ಟುವುದು. ಮತ್ತೆ ಎಲೆ. ಒಂದೊಂದಕ್ಕೂ ಗಂಟೆಯೊಳಗೆ. ಬುಟ್ಟಿಗಳನ್ನು ಬೇಕೆಂದೇ ಕೈಗೆಟುಕದಂತೆ ಆಚೀಚೆ ಇಟ್ಟಿದ್ದಳು, ಕೆಲಸ ಬೇಕಾದರೆ ಮೈ ಹೊರಳಲೇಬೇಕು. ಅಂಗಾತ ಮಲಗಿ ಮಾಡುವ ಕೆಲಸವೇ ಇರಲಿಲ್ಲ.

“ಮತ್ತೆ ರಾತ್ರಿ?”

“ಮಲಗುವ ಮೊದಲು ಎರಡು ಚೊಂಬು ನೀರು ಕುಡೀತೇನೆ. ಹೊಟ್ಟೆಯೇ ಎಬ್ಬಿಸ್ತದೆ. ಎದ್ದಾಗೆಲ್ಲ ಇವರನ್ನು ಹೊರಳಿಸ್ತೇನೆ.”

ಮೂರು ವರ್ಷ! ಆ ಮನೆಯಲ್ಲಿ ಗಡಿಯಾರವಿಲ್ಲ, ಚಾರ್ಟಿಲ್ಲ, ಅವಳಿಗೆ ಅಕ್ಷರವಿಲ್ಲ. ಯಾವ ತರಬೇತಿ ಪುಸ್ತಕದಲ್ಲೂ ನಾನು ಓದದ ವಿದ್ಯೆಯನ್ನು ಈ ಹೆಂಗಸು ಬೀಡಿ ಎಲೆ ಹಿಡಿದು ಕಟ್ಟಿದ್ದಳು. ಅದನ್ನು ನಾನು ಧೂಳೆಂದು ಗುಡಿಸಿ ಎಸೆದಿದ್ದೆ. ನನಗೆ ಅವಳ ಕಾಲು ಮುಟ್ಟಬೇಕು ಅನ್ನಿಸಿತು. ಮುಟ್ಟಲು ಹೋದರೆ ಅವಳು ಹಾರಿ ಹಿಂದೆ ಸರಿದು, “ಅಯ್ಯೋ ದೇವರೆ, ಎಂತ ಮಾಡ್ತೀರಿ ಅಮ್ಮ!” ಎಂದು ಗಾಬರಿಯಾದಳು.

ಆದರೆ ಬೆರಗಿನಿಂದ ಹುಣ್ಣು ವಾಸಿಯಾಗುವುದಿಲ್ಲ. ವಾರದೊಳಗೆ ನೇರಳೆ ಚರ್ಮ ಕಪ್ಪಾಗಿ ಕಳಚಿತು, ಗೇರುಬೀಜ ಹಿಡಿಯುವಷ್ಟು ಗುಂಡಿ ಬಿತ್ತು. ಜ್ವರ ಬಂತು. ಡಾಕ್ಟರರು ದೋಣಿ ದಾಟಿ ಬಂದು ನೋಡಿದರು. ಅಂಗಳಕ್ಕೆ ಇಳಿದ ಮೇಲೆ ಸ್ವರ ತಗ್ಗಿಸಿ, “ಇಂಥದ್ದು ಬಂದವರು ಎಷ್ಟು ದಿನ ಇರ್ತಾರೆ ಅಂತ ನಿಮಗೆ ನಾನು ಹೇಳ್ಬೇಕಾ?” ಎಂದರು. ಬೇಡ ಎಂದೆ. ಆ ಹುಣ್ಣು ನನ್ನ ಕೈಯಿಂದಲೇ ಆದದ್ದೆಂದು ಅವರಿಗೆ ಹೇಳಿದೆ. ಅವರು ನನ್ನ ಮುಖ ನೋಡಿ, “ಹಾಗಾದ್ರೆ ದಿನಾ ಬನ್ನಿ ಇಲ್ಲಿಗೆ” ಎಂದರು, ಅಷ್ಟೇ.

ದಿನಾ ಹೋದೆ. ಉಪ್ಪು ಹಾಕಿ ಕುದಿಸಿದ ನೀರಿನಲ್ಲಿ ತೊಳೆದು ಪಟ್ಟಿ ಕಟ್ಟುವುದು ನನ್ನ ಕೆಲಸ, ಹೇಗೆ ಮಲಗಿಸಬೇಕೆಂಬುದು ಅವಳ ಅಪ್ಪಣೆ. ಹುಣ್ಣಿನ ಮೇಲೆ ಭಾರ ಬೀಳಬಾರದೆಂದು ಹಗಲಿಡೀ ಬೋರಲೇ ಆಗಬೇಕಿತ್ತು. ಬೋರಲಾದರೆ ಕಟ್ಟು ಕಟ್ಟುವ ಕೆಲಸ ಒಂದೇ. ಅವಳೊಬ್ಬಳು ಸುತ್ತಿದ ಬೀಡಿ ಅವನಿಗೆ ಎಲ್ಲಿ ಸಾಕು? ಯಾರು ಯಾರಿಗೆ ಹೇಳಿದರೋ ಗೊತ್ತಿಲ್ಲ, ಆಚೀಚೆ ಮನೆಯ ಹೆಂಗಸರು ತಾವು ಸುತ್ತಿದ ಬೀಡಿಗಳನ್ನೆಲ್ಲ ಬಿಡಿಬಿಡಿಯಾಗಿಯೇ ಗೆರಸೆಯಲ್ಲಿ ತಂದು ಅವನ ಎದುರು ಸುರಿಯತೊಡಗಿದರು. “ನಮ್ಮದೂ ಸ್ವಲ್ಪ ಕಟ್ಟಿಕೊಡಿ ಅಣ್ಣ, ನಮಗೆ ಪುರುಸೊತ್ತಿಲ್ಲ” ಎಂದು ಸುಳ್ಳು ಹೇಳುತ್ತಿದ್ದರು. ಅವನಿಗೂ ಅದು ಸುಳ್ಳೆಂದು ಗೊತ್ತಿತ್ತು. ನಾನು ದಿನಾ ಆ ಬೀಡಿಯ ರಾಶಿ ನೋಡುತ್ತ ಪಟ್ಟಿ ಕಟ್ಟುತ್ತಿದ್ದೆ. ವಾರ್ಡಿನ ಮಂಚದಲ್ಲಿ ಮಲಗಿದವನಿಗೆ ಇಂಥ ಒಬ್ಬ ನೆರೆಯವಳಾದರೂ ಸಿಗುತ್ತಿದ್ದಳೇ ಎಂದು ಯೋಚಿಸುತ್ತಿದ್ದೆ.

ಹುಣ್ಣಿನ ಅಂಚಿನಲ್ಲಿ ಗುಲಾಬಿ ಬಣ್ಣ ಕಂಡ ದಿನ ನಾನು ಯಾರಿಗೂ ಹೇಳಲಿಲ್ಲ, ದೃಷ್ಟಿಯಾದೀತೆಂಬ ಹೆದರಿಕೆ. ನರ್ಸಾದವಳಿಗೆ ಇದೆಂಥ ಮೂಢನಂಬಿಕೆ ಎಂದು ನಗಬೇಡಿ. ಚಳಿ ಹೋಯಿತು, ಸೆಖೆ ಬಂತು, ಗುಂಡಿ ದಿನಕ್ಕೆ ಕೂದಲೆಳೆಯಷ್ಟು ತುಂಬುತ್ತ ಬಂತು. ಮೊದಲ ಮಳೆಗೆ ಇನ್ನೇನು ವಾರ ಇದೆ ಎನ್ನುವಾಗ ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದರೆ ಪಟ್ಟಿಗೆ ಏನೂ ಅಂಟಿರಲಿಲ್ಲ. ಹೊಸ ಚರ್ಮ ಮುಚ್ಚಿಕೊಂಡಿತ್ತು.

ಅವಳು ಎಲೆ ತರಲು ಹೋಗಿದ್ದಳು. ಮನೆಯಲ್ಲಿ ಅವನು, ನಾನು ಇಬ್ಬರೇ. ಇಷ್ಟು ದಿನ ಗಂಟಲಲ್ಲಿ ಇದ್ದದ್ದನ್ನು ಕೇಳಿಯೇ ಬಿಟ್ಟೆ.

“ಅವಳು ಮರ್ಯಾದೆಗೆ ಹೇಳ್ಲಿಲ್ಲ, ಸರಿ. ನೀವು ಆ ಐದು ದಿನ ಯಾಕೆ ಬಾಯಿ ಬಿಡ್ಲಿಲ್ಲ? ಸಾಯ್ತಿದ್ರಿ ಮಾರಾಯ್ರೆ! ರಿಂಗು ತೆಗೀರಿ, ನನ್ನನ್ನು ಹೊರಳಿಸಿ ಅಂತ ಒಂದು ಮಾತು ಹೇಳಿದ್ರೆ ನಾನು ತಿಂದುಬಿಡ್ತಿದ್ನಾ?”

ಅವನು ಕಟ್ಟುತ್ತಿದ್ದ ಕಟ್ಟಿನ ನೂಲನ್ನು ಹಲ್ಲಿನಲ್ಲಿ ತುಂಡರಿಸಿದ.

“ನಿಮಗೆ ಸಿಟ್ಟು ಬೇಗ ಬರ್ತದೆ ಅಮ್ಮ. ಎಂಟು ತಿಂಗಳು ಮೋಸ ಮಾಡಿದ್ರು ಅಂತ ನೀವು ಚೀಲ ತಗೊಂಡು ದೋಣಿ ಹತ್ತಿದ್ರೆ?” ಎಂದ. “ಮತ್ತೆ ಅವಳನ್ನು ವಾಪಸು ಕರೆಸ್ಬೇಕಿತ್ತು. ಮೂರು ವರ್ಷ ಅವಳು ನನ್ನ ಬೆನ್ನು ಬಿಟ್ಟು ಎಲ್ಲಿಗೂ ಹೋಗ್ಲಿಲ್ಲ. ತಾಯಿಯ ಬಾಯಿಗೆ ಕೊನೆಯ ನೀರಾದ್ರೂ ಬಿಡ್ಲಿ ಅಂತ.”

“ಹಾಗಾದ್ರೆ ಹುಣ್ಣಾಗ್ತದೆ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ದೆ? ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದವನು ಹಾಗೇ ಹೋದದ್ದು.”

ನಾನು ಎಂಥೆಂಥ ಧೈರ್ಯ ನೋಡಿದ್ದೇನೆ. ಅರಿವಳಿಕೆಯ ಮದ್ದು ಹತ್ತದೆ ಕಾಲು ಕತ್ತರಿಸಿಕೊಂಡವರನ್ನು ಕಂಡಿದ್ದೇನೆ. ಮಾಡು ನೋಡುತ್ತ, ನಗುತ್ತ, ಐದು ದಿನ ತನ್ನ ಸಾವಿನ ಮೇಲೆ ಅಂಗಾತ ಮಲಗಿದ್ದವನೆಂದು ಕಂಡದ್ದು ಇವನೊಬ್ಬನನ್ನೇ. ಅಷ್ಟೂ ಹೊತ್ತು ನಾನು ಪಕ್ಕದಲ್ಲೇ ಕೂತು ಚಾರ್ಟು ಬರೆಯುತ್ತಿದ್ದೆ.

“ಇದು ಅವಳಿಗೆ ಗೊತ್ತಾಗ್ಬಾರದು” ಎಂದ. “ಅವಳು ನಾನು ನಾಚಿಕೆಗೆ ಹೇಳ್ಲಿಲ್ಲ ಅಂತ ತಿಳ್ಕೊಂಡಿದ್ದಾಳೆ. ಗೊತ್ತಾದ್ರೆ ತಾಯಿಯ ಹತ್ತಿರ ಕೂತ ಆ ಮೂರು ದಿನ ಅವಳಿಗೆ ದಕ್ಕುದಿಲ್ಲ.”

ಅಷ್ಟರಲ್ಲಿ ಅವಳು ತಲೆಯ ಮೇಲೆ ಎಲೆಯ ಮೂಟೆ ಹೊತ್ತು ಅಂಗಳಕ್ಕೆ ಬಂದಳು. ನನ್ನ ಮುಖ ನೋಡಿ ಹೊಸ್ತಿಲಲ್ಲೇ ನಿಂತಳು. “ಎಂತ ಆಯ್ತು ಅಮ್ಮ? ಯಾಕೆ ಅಳ್ತಿದ್ದೀರಿ? ಹುಣ್ಣು ಮತ್ತೆ ಒಡೆಯಿತಾ?”

“ಇಲ್ಲ ಮಾರಾಯ್ತಿ, ಮುಚ್ಚಿದೆ” ಎಂದೆ. “ಬಾ, ನೀನೇ ನೋಡು.”

ಅವಳು ಮೂಟೆ ಇಳಿಸಿ ಬಂದು, ಬೆರಳ ತುದಿಯಿಂದ ಹೊಸ ಚರ್ಮವನ್ನು ಮುಟ್ಟಿದಳು. ಅವನಿಗೆ ಆ ಸ್ಪರ್ಶ ಗೊತ್ತಾಗುವ ಹಾಗಿರಲಿಲ್ಲ, ಮುಖ ಆಚೆ ಇತ್ತು. “ಎಂತ ಹೇಳ್ತಾಳೆ?” ಎಂದು ನನ್ನನ್ನು ಕೇಳಿದ.

ಅವಳು ಏನೂ ಹೇಳುತ್ತಿರಲಿಲ್ಲ, ಅವನ ಬೆನ್ನಿಗೆ ಕೆನ್ನೆ ಇಟ್ಟಿದ್ದಳು. ಅದನ್ನು ನಾನು ಅವನಿಗೆ ಹೇಳಿದೆ.